ಆರು ಗೆರೆ, ಒಂದಿಷ್ಟು ಅಂಕಿ, ಕಾಣದ ಗುರುತು

ಕುದುರೆಮುಖದ ಟೌನ್‌ಶಿಪ್‌ನಲ್ಲಿದ್ದಾಗ ಪಕ್ಕದ ಕ್ವಾರ್ಟರ್ಸ್‌ನ ಅಣ್ಣನೊಬ್ಬ ನನಗೆ ಗಿಟಾರ್ ಕಲಿಸಿದ. ಪಾಠಕ್ಕೊಂದು ನೂರು ಪುಟದ ನೋಟ್‌ಬುಕ್. ಪುಟದ ತುಂಬ ಆರಾರು ಗೆರೆ. ಗೆರೆ ಅಂದ್ರೆ ತಂತಿ, ಅದರ ಮೇಲಿನ ಅಂಕಿ ಅಂದ್ರೆ ಬೆರಳಿಡಬೇಕಾದ ಫ್ರೆಟ್. ಇದಕ್ಕೇ ಟ್ಯಾಬ್ಲೇಚರ್ ಅನ್ನೋದು, ಚಿಕ್ಕದಾಗಿ ಟ್ಯಾಬ್. ಯಾವ ಸ್ವರ ಎಷ್ಟು ಹೊತ್ತು ನಿಲ್ಲಬೇಕು ಅಂತ ಅದರಲ್ಲಿ ಬರೆದಿರಲಿಲ್ಲ. ಯಾಕೆ ಬರೀಬೇಕು? ಅಣ್ಣ ಎದುರಿಗೇ ಕೂತಿರುತ್ತಿದ್ದನಲ್ಲ!

ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ನಿಂತಿತು. ಒಂದೊಂದೇ ಮನೆ ಖಾಲಿಯಾಯಿತು. ಅಣ್ಣನೂ ಹೋದ, ನಾವೂ ಹೊರಟೆವು. ನೋಟ್‌ಬುಕ್ ಮಾತ್ರ ನನ್ನ ಜೊತೆ ಬಂತು.

ಮೊನ್ನೆ ಅದನ್ನು ಲಿಲಿಪಾಂಡ್ ಅನ್ನೋ ಉಚಿತ ತಂತ್ರಾಂಶದಲ್ಲಿ ಟೈಪಿಸಲು ಕೂತೆ. ಪ್ರತಿ ಸ್ವರದ ಕಾಲವನ್ನೂ ನೆನಪಿನಿಂದ ಸೇರಿಸಿದೆ. ಹಾಳೆಯಲ್ಲಿ ಮೂಡಿದ್ದು ಮತ್ತದೇ ಬರೀ ಅಂಕಿ! ಹುಡುಕಿದಾಗ ಗೊತ್ತಾಯಿತು, ಅದರ ರೂಢಿಯೇ ಹಾಗಂತೆ. ಟ್ಯಾಬ್‌ನ ಮೇಲೆ ಐದು ಗೆರೆಯ ಪಾಶ್ಚಾತ್ಯ ಸ್ವರಲಿಪಿಯೂ ಇರುತ್ತದೆ, ಕಾಲ, ವಿರಾಮ ಎಲ್ಲ ಅಲ್ಲಿ ಕಾಣುತ್ತದೆ, ಎರಡೆರಡು ಸಲ ಯಾಕೆ ಅನ್ನೋ ಲೆಕ್ಕ. 'ಟ್ಯಾಬ್‌ಫುಲ್‌ನೊಟೇಶನ್' ಅನ್ನೋ ಒಂದು ಆದೇಶ ಕೊಟ್ಟರೆ ಅಡಗಿದ್ದೆಲ್ಲ ಹೊರಬರುತ್ತದೆ. ಮ್ಯೂಸ್‌ಸ್ಕೋರ್‌ನಲ್ಲಾದರೆ ಸಿಂಪಲ್, ಕಾಮನ್, ಫುಲ್ ಅಂತ ಮೂರು ಬಗೆ.

ಯಾವ ಗುರುತು ಬೇಕು, ಯಾವುದು ಬೇಡ ಅನ್ನೋ ಈ ಪ್ರಶ್ನೆ ಕಂಪ್ಯೂಟರಿನದಲ್ಲ, ಬಹಳ ಹಳೆಯದು. 1507ರಲ್ಲಿ ವೆನಿಸ್‌ನ ಪೆಟ್ರೂಚಿ ಸ್ಪಿನಚಿನೋನ ಲ್ಯೂಟ್ ಟ್ಯಾಬ್ ಪುಸ್ತಕ ಅಚ್ಚುಹಾಕಿದ. ಅದರಲ್ಲಿ ಅಂಕಿಗಳ ಮೇಲೆ ಕಾಲದ ಗುರುತೂ ಇತ್ತು. ಸ್ವರಲಿಪಿ ಓದಿ ಹಾಡಲು ಬಾರದವರಿಗಾಗಿ ನಿಯಮಗಳನ್ನೂ ಕೊಟ್ಟಿದ್ದರು. ಪುಸ್ತಕ ಕೊಂಡವನ ಮನೆಗೆ ಗುರು ಬರೋದಿಲ್ಲವಲ್ಲ!

ನಮ್ಮಲ್ಲೂ ಸೋಮನಾಥ 1609ರ 'ರಾಗವಿಬೋಧ'ದಲ್ಲಿ ವೀಣೆಯ ಮೀಟು, ಗಮಕಗಳಿಗೆ ಗುರುತು ಕಟ್ಟಿದ್ದ. ಆದರೂ ಸಂಗೀತ ಉಳಿದದ್ದು ಹೆಚ್ಚಾಗಿ ಗುರುಮುಖದಲ್ಲೇ. 1904ರಲ್ಲಿ ಎಟ್ಟಯಾಪುರದ ಸುಬ್ಬರಾಮ ದೀಕ್ಷಿತರು 'ಸಂಗೀತ ಸಂಪ್ರದಾಯ ಪ್ರದರ್ಶಿನಿ'ಯನ್ನು ತೆಲುಗಿನಲ್ಲಿ ಹೊರತಂದಾಗ ಸ್ವರಾಕ್ಷರದ ಜೊತೆ ಗಮಕಕ್ಕೂ ಚಿಹ್ನೆ ಹಾಕಿದರು. ಕಂಪಿತಕ್ಕೆ ಅಲೆಯಂಥ ಗೆರೆ, ಸ್ಫುರಿತಕ್ಕೆ ಮೂರು ಚುಕ್ಕಿ, ಹೀಗೆ. ನಮ್ಮ ಪುರಂದರದಾಸರ ಗೀತೆಗಳೂ ಅದರಲ್ಲಿವೆ. ಪುಟ ನೋಡಲು ಕಿಕ್ಕಿರಿದಂತೆ ಕಾಣುತ್ತದೆ, ನಿಜ. ಆದರೆ ದೀಕ್ಷಿತರನ್ನು ಕಾಣದವರೂ ಅದನ್ನಿಟ್ಟುಕೊಂಡು ಹಾಡಬಹುದು.

ಇಂಟರ್‌ನೆಟ್ಟಿನ ಶುರುವಿನ ದಿನಗಳಲ್ಲಿ ಗಿಟಾರಿಗರು ಹಂಚಿಕೊಂಡ ಟ್ಯಾಬ್‌ಗಳಲ್ಲಿ ಹೆಚ್ಚಾಗಿ ಇದ್ದದ್ದು ಅಡ್ಡಗೆರೆ ಮತ್ತು ಅಂಕಿ ಅಷ್ಟೇ. ಓದುವವನ ಹತ್ತಿರ ಕ್ಯಾಸೆಟ್ ಇದ್ದೇ ಇರುತ್ತದೆ ಅನ್ನೋ ಭರವಸೆ!

ಗುರುತು ಬಿಡುವುದು ತಪ್ಪಲ್ಲ ಮಾರಾಯ್ರೇ. ಬಿಟ್ಟದ್ದನ್ನು ತುಂಬಲು ಯಾರೋ ಪಕ್ಕದಲ್ಲಿದ್ದಾರೆ ಅಂತ ನಂಬಿ ಬಿಡುತ್ತೇವೆ. ಪಕ್ಕದವರು ಯಾವತ್ತು ಹೋಗುತ್ತಾರೋ ಯಾರಿಗೆ ಗೊತ್ತು?

ನೋಟ್‌ಬುಕ್ಕಿನ ಕೊನೆಯಲ್ಲಿ ಎರಡು ಪಾಠಗಳಿವೆ. ಅಣ್ಣ ಮೊದಲೇ ಬರೆದಿಟ್ಟಿದ್ದ, ಕಲಿಸೋ ಹೊತ್ತಿಗೆ ಹೊರಟ. ಹೆಸರೂ ಬರೆದಿಲ್ಲ. ಅಂಕಿಗಳನ್ನು ಒಂದೊಂದಾಗಿ ಮೀಟಿ ನೋಡಿದೆ. ಸ್ವರ ಬರುತ್ತದೆ, ಹಾಡು ಬರೋದಿಲ್ಲ. ಅಲ್ಲಿ ಯಾವ ಆದೇಶ ಕೊಟ್ಟರೂ ಹೊರಬರಲು ಒಳಗೇನೂ ಇಲ್ಲ.

ನಿಮ್ಮ ಮನೆಯಲ್ಲೂ ಅಜ್ಜಿಯ ಹಾಡಿನ ಪುಸ್ತಕ, ಅಪ್ಪನ ಸ್ವರದ ನೋಟ್‌ಬುಕ್ ಇರಬಹುದು. ಬರೆದವರು ಇನ್ನೂ ಇದ್ದರೆ ಇವತ್ತೇ ಎದುರಿಗೆ ಕೂರಿಸಿಕೊಂಡು ಕೇಳಿ, ಪೆನ್ಸಿಲ್‌ನಲ್ಲಾದರೂ ಗುರುತು ಹಾಕಿಕೊಳ್ಳಿ. ಪುಟ ಕಿಕ್ಕಿರಿದರೆ ಕಿಕ್ಕಿರಿಯಲಿ ಬಿಡಿ...