ಪಿತ್ತಕೋಶದ ಕಲ್ಲು, ಪಕ್ಕದಲ್ಲೇ ಇರುವ ಲಿವರ್

ಇವತ್ತಿನ ಮಾತು ಗಾಲ್‌ಬ್ಲಾಡರ್‌ನಿಂದ ಶುರುವಾಗಿ ಲಿವರ್‌ಗೆ ಹೋಗುತ್ತೆ. ಇಲ್ಲಿ ಕೋಪರಿಯಲ್ಲಿ ನಮ್ಮ ಐಟಿ ಕನ್ನಡಿಗರು ಕೆಲವರ ಸ್ಕ್ಯಾನ್ ರಿಪೋರ್ಟ್‌ನಲ್ಲಿ ಎರಡು ಸಾಲು ಜೊತೆಯಾಗೇ ಬರ್ತಿವೆ: ಪಿತ್ತಕೋಶದಲ್ಲಿ ಕಲ್ಲು, ಫ್ಯಾಟಿ ಲಿವರ್. "ಎರಡಕ್ಕೂ ಸಂಬಂಧ ಇದ್ಯಾ?" ಅಂತ ಕೇಳ್ತಾರೆ. ನಾನು ಡಾಕ್ಟರ್ ಅಲ್ಲ, ಕೋಡ್ ಬರೆಯೋನು. ಆದರೆ ಈ ಪ್ರಶ್ನೆಗೆ ನೂರು ವರ್ಷ ಮೀರಿದ ಇತಿಹಾಸ ಇದೆ. ಅಂದಹಾಗೆ, ನಮ್ಮ ಶಾಲೆಯ ಪುಸ್ತಕದಲ್ಲಿ ಲಿವರ್‌ಗೆ ಪಿತ್ತಜನಕಾಂಗ ಅಂತಾನೇ ಹೆಸರು, ಸಂಬಂಧ ಅದರಲ್ಲೇ ಇದೆ.

1882ರ ಜುಲೈ 15ರಂದು ಬರ್ಲಿನ್‌ನಲ್ಲಿ ಕಾರ್ಲ್ ಲಾಂಗೆನ್‌ಬುಕ್ ಮೊದಲ ಬಾರಿಗೆ ಪಿತ್ತಕೋಶವನ್ನೇ ತೆಗೆದ. ಕಲ್ಲು ಹುಟ್ಟಿಸೋದೇ ಅದು, ಬರೀ ಕಲ್ಲು ತೆಗೆದರೆ ಸಾಲದು ಅನ್ನೋದು ಅವನ ವಾದ.

ಲಿವರ್ ಕಡೆ ಗಟ್ಟಿಯಾಗಿ ಬೊಟ್ಟು ಮಾಡಿದವನು ಅಮೆರಿಕದ ಸರ್ಜನ್ ಎವಾರ್ಟ್ಸ್ ಗ್ರಹಾಂ. ಪಿತ್ತಕೋಶ ಊದಿಕೊಂಡವರಲ್ಲಿ ಲಿವರ್ ಉರಿಯೂತವೂ ಸದಾ ಜೊತೆಗಿರುತ್ತೆ ಅಂತ 1918ರಲ್ಲೇ ಬರೆದ. ಲಿವರ್‌ನ ಒಂದು ಚೂರನ್ನು ಮೈಕ್ರೋಸ್ಕೋಪ್ ಕೆಳಗಿಟ್ಟರೆ ರಕ್ತನಾಳ, ಪಿತ್ತನಾಳ ಒಟ್ಟಿಗೆ ಹೋಗುವ ಜಾಗಗಳಲ್ಲಿ ಉರಿಯೂತದ ಕಣಗಳು ಗುಂಪುಗೂಡಿರೋದು ಕಾಣುತ್ತೆ. ಸೋಂಕು ಲಿವರ್‌ನಿಂದಲೇ ದುಗ್ಧನಾಳಗಳ ಮೂಲಕ ಪಿತ್ತಕೋಶಕ್ಕೆ ಇಳಿಯುತ್ತೆ ಅಂತ ಅವನು ನಂಬಿದ್ದ. ಈಗ ಬಹುಪಾಲು ಉಲ್ಟಾ ಓದ್ತಾರೆ: ಪಕ್ಕದ ಮನೆಯ ಬೆಂಕಿಯ ಹೊಗೆ ಲಿವರ್‌ಗೆ ತಾಗಿದ್ದು ಅಂತ. ನನಗೆ ಮುಖ್ಯ ಅನ್ಸೋದು ಅವನ ಕಾರಣ ಅಲ್ಲ, ನೋಡಿದ ರೀತಿ. ನೋವು ಒಂದು ಕಡೆ ಇದ್ದರೂ ಪಕ್ಕದ ಅಂಗವನ್ನೂ ನೋಡಿದ.

ಈ ಬದಲಾವಣೆ ಬಹುಪಾಲು ಸೌಮ್ಯವೇ. ಭಯ ಇರೋದು ಕಲ್ಲು ಜಾರಿ ಮುಖ್ಯ ಪಿತ್ತನಾಳದಲ್ಲಿ ಸಿಕ್ಕಿಕೊಂಡಾಗ. ಮುಂದೆ ಬ್ಲಾಕ್ ಆದ್ರೆ ಹಿಂದೆ ಕ್ಯೂ ತುಂಬುತ್ತೆ, ನಮಗಿದು ಹೊಸದಲ್ಲ. ಪಿತ್ತ ಲಿವರ್‌ನಲ್ಲೇ ನಿಲ್ಲುತ್ತೆ. ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ನಾರು ಬೆಳೆದು ಸಿರೋಸಿಸ್‌ವರೆಗೂ ಹೋಗಬಹುದು. ಫ್ಯಾಟಿ ಲಿವರ್ ಕಥೆ ಬೇರೆ. ಅದನ್ನು ಕಲ್ಲು ತಂದಿದ್ದಲ್ಲ. ತೂಕ, ಶುಗರ್ ಎರಡಕ್ಕೂ ದಾರಿ ಮಾಡ್ತವೆ. ಪಿತ್ತಕೋಶ ತೆಗೆಸಿದ ಮಾತ್ರಕ್ಕೆ ಅದು ಹೋಗಲ್ಲ.

ನಮ್ಮೂರ ಪಾಲೂ ಇದೆ. ಠಾಣೆಯಿಂದ ಲೋಕಲ್ ಹಿಡಿದು ಬೈಕಳಾದಲ್ಲಿ ಇಳಿದರೆ ಜೆಜೆ ಆಸ್ಪತ್ರೆ. ಅಲ್ಲಿ 1990ರ ಮೇ 31ರಂದು ಡಾ. ತೆಹೆಮ್ಟನ್ ಉದ್ವಾಡಿಯಾ ಭಾರತದ ಮೊದಲ ಲ್ಯಾಪರೋಸ್ಕೋಪಿಕ್ ಪಿತ್ತಕೋಶ ಶಸ್ತ್ರಚಿಕಿತ್ಸೆ ಮಾಡಿದರು. ರೋಗ ಪತ್ತೆಗೆ ಲ್ಯಾಪರೋಸ್ಕೋಪ್ ಬಳಸೋಕೆ ಅವರು 1972ರಲ್ಲೇ ಶುರು ಮಾಡಿದ್ದರು. ಈ ಆಪರೇಷನ್‌ನಲ್ಲಿ ಪಿತ್ತಕೋಶವನ್ನು ಮೇಲಕ್ಕೆತ್ತಿದಾಗ ಲಿವರ್ ಅಂಚೂ ಪರದೆ ಮೇಲೆ ಬರುತ್ತೆ. ರಕ್ತ ಪರೀಕ್ಷೆ ನಾರ್ಮಲ್ ಇದ್ದರೂ ಅಂಗಾಂಶ ಬದಲಾಗಿರಬಹುದು. ಹಾಗಾಗಿ ಆಪರೇಷನ್ ಆದಮೇಲೆ "ಲಿವರ್ ಹೇಗಿತ್ತು?" ಅಂತ ಸರ್ಜನ್‌ನ ಕೇಳಿ.

ಕಣ್ಣು ಹಳದಿಯಾಗಿ, ಚಳಿಜ್ವರ ಬಂದು, ಬಲಗಡೆ ಪಕ್ಕೆಲುಬಿನ ಕೆಳಗೆ ನೋವಿದ್ದರೆ ಸ್ಪ್ರಿಂಟ್ ಮುಗಿಯೋವರೆಗೆ ಕಾಯೋ ವಿಷಯ ಅಲ್ಲ. ಈ ಮೂರನ್ನೂ ಒಟ್ಟಿಗೆ ಗುರುತಿಸಿದ್ದು ಪ್ಯಾರಿಸ್‌ನ ಶಾರ್ಕೋ, 1877ರಲ್ಲಿ. ಅದೇ ರಾತ್ರಿ ಆಸ್ಪತ್ರೆಗೆ ಹೋಗಿ.