ಕವಲೊಡೆದ ವಿದ್ಯುತ್ತಿನ ಲೆಕ್ಕ

1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ಸೇರಿತು; 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ತಂತಿಗಳು ಕವಲೊಡೆದಲ್ಲಿ ಅವೆಲ್ಲವೂ ಕೂಡಿ ಒಡ್ಡುವ ಪ್ರತಿರೋಧವನ್ನು ತಿಳಿದರೆ, ಕೊಟ್ಟ ವೋಲ್ಟಿಗೆ ಒಟ್ಟು ಎಷ್ಟು ಪ್ರವಾಹವೆಂದು ನಿಶ್ಚಯಿಸಬಹುದು. ಓಮನು 1827ರಲ್ಲಿ ಒಂದು ತಂತಿಯ ನಿಯಮವನ್ನು ಪ್ರಕಟಿಸಿದ್ದನು. 1845ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದ ಕಿರ್ಖಾಫನು ಜಾಲದ ನಿಯಮವನ್ನು ಕಂಡನು: ಕೂಡಿಕೆಯೊಂದಕ್ಕೆ ಬರುವ ಪ್ರವಾಹವೂ ಅಲ್ಲಿಂದ ಹೊರಡುವುದೂ ಸಮ.

ಎಡಗವಲಿನಲ್ಲಿ ಮೇಲೆ 1, ಕೆಳಗೆ 2 ಓಮ್. ಬಲಗವಲಿನಲ್ಲಿ ಮೇಲೆ 2, ಕೆಳಗೆ 1. ನಡುವೆ ಸೇತುವೆಯಾಗಿ 1 ಎನ್ನೋಣ. ಸರಣಿ, ಸಮಾಂತರವೆಂದು ಇದು ಬಿಡಿಯದು. 7 ವೋಲ್ಟನ್ನು ಕೊಟ್ಟರೆ, ಆ ನಿಯಮದಂತೆ ಎಡಗೂಡಿಕೆಯಲ್ಲಿ 4, ಬಲಗೂಡಿಕೆಯಲ್ಲಿ 3 ವೋಲ್ಟು ನಿಲ್ಲುವುದು. ಎಡಕ್ಕೆ ಬಂದ 3 ಆಂಪಿಯರಿನಲ್ಲಿ 2 ಕೆಳಗಿಳಿದು, 1 ಸೇತುವೆಯನ್ನು ದಾಟುವುದು. ಬಲಕ್ಕೆ ಬರುವುದು 2, ಒಟ್ಟು 5. ಏಳನ್ನು ಐದರಿಂದ ಭಾಗಿಸಲು, ಸಮಾನ ಪ್ರತಿರೋಧವು 1.4 ಓಮ್.