ರಕ್ಕಸಗಿಯ ದಂಡೆಯಲ್ಲಿ ಕೇಳಿದ ಪ್ರಶ್ನೆ

ಒಂಬತ್ತನೆಯ ತರಗತಿಯವರನ್ನು ಅಮೀನಗಡದಿಂದ ರಕ್ಕಸಗಿಗೆ ಕರೆದೊಯ್ದ ದಿನ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಕೃಷ್ಣೆಯ ದಂಡೆಯಲ್ಲಿ ಬುತ್ತಿ ಬಿಚ್ಚುವ ಮೊದಲು 1565ರ ಜನವರಿ 23ರ ಯುದ್ಧವನ್ನು ನಾನು ಎರಡು ಧರ್ಮಗಳ ಕಾಳಗವೆಂದೇ ವಿವರಿಸುತ್ತಿದ್ದೆನು. ಹಿಂದೆ ಕುಳಿತಿದ್ದ ಹುಡುಗನೊಬ್ಬ, "ಸರ, ರಾಮರಾಯನ ಕಡೆ ಮುಸಲ್ಮಾನರು ಯಾರೂ ಇರ್ಲಿಲ್ಲೇನ್ರಿ?" ಎಂದು ಕೇಳಿದನು. "ಇರಲಿಲ್ಲ, ಕೂಡು" ಎಂದುಬಿಟ್ಟೆನು. ಆ ಉತ್ತರವನ್ನು ಈಗ ತಿದ್ದಬೇಕಾಗಿದೆ.

ಗೋಲ್ಕೊಂಡದ ಕುತುಬ್ ಶಾಹಿ ಮನೆತನದ ಮೂಲಪುರುಷ ಸುಲ್ತಾನ್ ಕುಲಿ ಇರಾನಿನ ಹಮದಾನ್ ಕಡೆಯ ತುರ್ಕಮನ್. ಅವನ ಕುಲದ ಹೆಸರು ಕಾರಾ ಕೊಯುನ್ಲು, ಅಂದರೆ ಕರಿಕುರಿಯವರು. (ಕುರಿಗಾರರ ನಾಡಾದ ನಮ್ಮಲ್ಲಿ ಈ ಹೆಸರು ಯಾರಿಗೂ ವಿಚಿತ್ರವೆನಿಸದು!) 1543ರಲ್ಲಿ ಕುಲಿಯ ಕೊಲೆಯಾಗಿ ಮಗ ಜಮ್‌ಷೀದ್ ಪಟ್ಟವೇರಿದನು. ಕಿರಿಯ ಮಗ ಇಬ್ರಾಹಿಂ ಪ್ರಾಣಭಯದಿಂದ ಬೀದರಿಗೆ, ಅಲ್ಲಿಂದ ವಿಜಯನಗರಕ್ಕೆ ಓಡಿಬಂದನು. ಅವನಿಗೆ ಆಶ್ರಯವಿತ್ತವನು ಅಳಿಯ ರಾಮರಾಯ. ಏಳು ವರ್ಷ ಅಲ್ಲಿಯೇ ಇದ್ದ ಇಬ್ರಾಹಿಂ ತೆಲುಗನ್ನು ಮೆಚ್ಚಿದನು. ಮುಂದೆ ತೆಲುಗು ಕವಿಗಳು ಅವನನ್ನು ಮಲ್ಕಿಭರಾಮನೆಂದು ಕರೆದರು. 1550ರಲ್ಲಿ ಜಮ್‌ಷೀದ್ ತೀರಿದ ಬಳಿಕ ಮರಳಿ ಹೋಗಿ ಸುಲ್ತಾನನಾದನು.

ಇಂಥ ಕೊಡುಕೊಳೆ ನಮ್ಮಲ್ಲಿ ಮಾತ್ರ ನಡೆದುದಲ್ಲ. ಇನ್ನೂರು ವರ್ಷಗಳ ಹಿಂದೆ ಕಾನ್‌ಸ್ಟಾಂಟಿನೋಪಲ್‌ನಲ್ಲಿ, ಒಂಬತ್ತು ವರ್ಷದ ಬಾಲಚಕ್ರವರ್ತಿಯ ಕಡೆಯವರಿಗೂ ಕಾಂಟಕುಜೆನಸ್ ಎಂಬ ಪ್ರಬಲ ಮಂತ್ರಿಗೂ 1341ರಿಂದ 1347ರವರೆಗೆ ಅಂತಃಕಲಹ ನಡೆಯಿತು. ಮಂತ್ರಿಯು ತುರ್ಕಮನ್ ನಾಯಕ ಉಮೂರ್‌ನ ಹಡಗುಗಳನ್ನು ಕರೆಸಿದನು. 1346ರಲ್ಲಿ ಆಟೊಮನ್ ದೊರೆ ಓರ್ಹಾನನಿಗೆ ಮಗಳನ್ನೇ ಕೊಟ್ಟನು. ಗೆದ್ದನು, ನಿಜ. ಆದರೆ 1354ರಲ್ಲಿ ಭೂಕಂಪದಿಂದ ಕುಸಿದ ಗಲಿಪೊಲಿಯನ್ನು ಹಿಡಿದವನು ಓರ್ಹಾನನ ಮಗ.

ರಾಮರಾಯನೂ ಹೆಸರಿಗೆ ಮಾತ್ರ ಅರಸನಾಗಿದ್ದ ಸದಾಶಿವರಾಯನ ಹಿಂದೆ ನಿಂತು ಆಳಿದವನು. ತಾರುಣ್ಯದಲ್ಲಿ ಗೋಲ್ಕೊಂಡದ ಕುಲಿಯ ಬಳಿಯೇ ಸೇವೆಯಲ್ಲಿದ್ದನೆಂದು ಅಲ್ಲಿನ ಇತಿಹಾಸಕಾರ ಬರೆಯುತ್ತಾನೆ. ವಿಜಾಪುರದ ಸುಲ್ತಾನ ಕೆಲಸದಿಂದ ಬಿಡಿಸಿದ ಪರದೇಶಿ ಸಿಪಾಯಿಗಳಲ್ಲಿ ಮೂರು ಸಾವಿರ ಮಂದಿಯನ್ನು ರಾಮರಾಯ ತನ್ನ ದಂಡಿಗೆ ಸೇರಿಸಿಕೊಂಡನೆನ್ನುತ್ತಾನೆ ಫಿರಿಸ್ತಾ. ಒಮ್ಮೆ ವಿಜಾಪುರದ ಜೊತೆಗೂಡಿ ಅಹಮದ್‌ನಗರದ ಮೇಲೆ, ಒಮ್ಮೆ ಇನ್ನೊಬ್ಬರ ಮೇಲೆ ಹೀಗೆ ಸುಲ್ತಾನರ ಜಗಳಗಳನ್ನು ತಕ್ಕಡಿಯಲ್ಲಿ ತೂಗಿದನು. ತಾನು ಅನ್ನವಿಟ್ಟ ಇಬ್ರಾಹಿಮನ ಗಡಿಕೋಟೆಗಳನ್ನೂ ಬಿಡಲಿಲ್ಲ. ನನ್ನ ಮಟ್ಟಿಗೆ ನಾಲ್ವರು ಸುಲ್ತಾನರನ್ನು ಒಂದಾಗಿಸಿದ್ದು ಧರ್ಮಕ್ಕಿಂತ ಈ ಭಯವೇ.

ಆ ಜನವರಿಯಲ್ಲಿ ಇಬ್ರಾಹಿಂ ತನಗೆ ಏಳು ವರ್ಷ ಮನೆಯಾದ ವಿಜಯನಗರದ ವಿರುದ್ಧವೇ ದಂಡು ತಂದು ಕೃಷ್ಣೆಯ ಬಳಿ ನಿಂತನು. ಎದುರಿನ ರಾಮರಾಯನ ಸೈನ್ಯದಲ್ಲಿ ಮುಸಲ್ಮಾನ ಸರದಾರರೂ ಸಿಪಾಯಿಗಳೂ ಇದ್ದರು.

ಪ್ರಶ್ನೆ ಕೇಳಿದ ಆ ಹುಡುಗ ಇದನ್ನು ಓದುತ್ತಿದ್ದರೆ: ಇದ್ದರಪ್ಪ. ನಾನು ಅಂದು ನಿನ್ನನ್ನು ಕೂಡಿಸಬಾರದಿತ್ತು.